ಕಸಬರಿಗಿ ಹಿಡದ ಕೈ ‘ಅಕುಶಲ’ ಹೆಂಗ ಆತು?

ಸರಕಾರದ ಕನಿಷ್ಠ ಕೂಲಿ ಪಟ್ಟಿ ಅಂತ ಒಂದು ಬರತದ ನೋಡ್ರಿ. ಅದರಾಗ ದುಡಿಯೋ ಮಂದಿನ್ನ ನಾಲ್ಕು ಪಂಕ್ತಿಗೆ ಕೂಡಿಸಿರತಾರ: ಅತಿಕುಶಲ, ಕುಶಲ, ಅರೆಕುಶಲ, ಅಕುಶಲ. ಮದುವಿ ಮನಿ ಪಂಕ್ತಿ ಇದ್ದಂಗನ. ಮೊದಲನೇ ಪಂಕ್ತಿಗೆ ಎಲ್ಲಾ ಬಿಸಿಬಿಸಿ, ಕಡೀ ಪಂಕ್ತಿಗೆ ತಳದಾಗ ಉಳದದ್ದು. ಕಸಾ ಹೊಡಿಯೋರು, ನೆಲಾ ಒರಸೋರು, ಪಾಯಖಾನಿ ತೊಳಿಯೋರು ಸಾಧಾರಣ ಆ ಕಡೀ ಪಂಕ್ತ್ಯಾಗನ ಇರತಾರ. ಕೇಂದ್ರ ಸರಕಾರದ ಪಟ್ಟಿಯೊಳಗ ಕಸಾ ಗುಡಿಸೋದು ಮತ್ತ ಸ್ವಚ್ಛತಾ ಅಂತ ಒಂದು ಪ್ರತ್ಯೇಕ ಉದ್ಯೋಗನ ಅದ. ಪ್ರತ್ಯೇಕ ಅದ ಖರೆ, ಕೂಲಿ ಮಾತ್ರ ಅಕುಶಲ ಕೂಲಿ ಎಷ್ಟೋ ಅಷ್ಟ.

‘ಅಯ್ಯ, ಕಸಾ ಹೊಡಿಲಿಕ್ಕೆ ಏನು ಕಲೀಬೇಕವಾ? ಕೈ ಇದ್ದರ ಸಾಕು’ ಅನ್ನೋರು ನಮ್ಮ ಓಣ್ಯಾಗೂ ಇದ್ದಾರ, ನಿಮ್ಮ ಓಣ್ಯಾಗೂ ಇರಬೇಕು. ಇದು ಬರೇ ಬಾಯಿಮಾತಾಗಿದ್ದರ ನಾ ಬಿಡತಿದ್ದೆ. ಆದರ ಈ ಒಂದು ಶಬ್ದದ ಮ್ಯಾಲೆ ಪಗಾರ ನಿಂತದ, ರಜಾ ನಿಂತದ, ಗಟಾರದ ಮ್ಯಾನ್‌ಹೋಲ್ ಒಳಗ ಇಳಿಯೋರ ಜೀವಾನೂ ನಿಂತದ. ಹಂಗಾಗಿ ಈ ಶಬ್ದ ಎಲ್ಲಿಂದ ಬಂತು, ಯಾರಿಗೆ ಹತ್ತಿತು, ಯಾರಿಗೆ ಹತ್ತಲಿಲ್ಲ ಅಂತ ಒಂದೀಟು ಹಿಂದಕ್ಕ ಹೋಗಿ ನೋಡೋಣ.

ಮೊದಲ ‘ಕುಶಲ’ ಅನ್ನೋ ಶಬ್ದಾನ ನೋಡ್ರಿ. ನಮ್ಮ ಹಳೇ ಪಂಡಿತರು ಇದಕ್ಕ ಒಂದು ವ್ಯುತ್ಪತ್ತಿ ಹೇಳತಿದ್ದರು. ಕುಶ ಅಂದರ ದರ್ಭಿ. ಆ ಹುಲ್ಲಿನ ಅಂಚು ಭಾಳ ಹರತ. ಕೈ ಕೊಯ್ದುಕೊಳ್ಳಲಾರದ ಅದನ್ನ ಕಿತ್ತು ತರಾಂವ ‘ಕುಶಲ’. ಅಲಂಕಾರಶಾಸ್ತ್ರ ಓದಿದವರಿಗೆ ಈ ಉದಾಹರಣಿ ಗೊತ್ತಿರತದ. ಮಮ್ಮಟನ ಕಾವ್ಯಪ್ರಕಾಶದಾಗೂ ಬರತದ. ಅಂದರ ಕುಶಲತನ ಅನ್ನೋ ಮಾತು ಶುರು ಆಗಿದ್ದ ಹುಲ್ಲು ಹಿಡಿಯೋ ಕೈಯಿಂದ! ಈಗ ನಮ್ಮ ಸಂತ್ಯಾಗ ಹೋಗಿ ನೋಡ್ರಿ. ಈಚಲ ಗರಿ ಸೀಳಿ, ಒಣಗಿಸಿ, ಬಿಗಿ ಮಾಡಿ ಕಸಬರಿಗಿ ಕಟ್ಟಿ ಮಾರೋ ಕೊರವರ ಹೆಣಮಗಳ ಕೈ ನೋಡ್ರಿ. ಆ ಗರಿ ಅಂಚಿಗೆ ನಾವು ಕೈ ಹಚ್ಚಿದರ ಒಂದ ನಿಮಿಷಕ್ಕ ರಕ್ತ ಬರತದ. ದರ್ಭಿ ಕಿತ್ತಾಂವ ಕುಶಲ, ಕಸಬರಿಗಿ ಕಟ್ಟಾಕಿ, ಅದನ್ನ ಹಿಡದು ಊರು ಗುಡಿಸಾಕಿ ಅಕುಶಲ. ಇದು ಹೆಂಗ?

ಇತಿಹಾಸಕ್ಕ ಹೋಗೋ ಮೊದಲ ಮನ್ಯಾಗಿನ ಲೆಕ್ಕ ಮುಗಸೋಣ. ಸ್ವಚ್ಛ ಮಾಡೋದರಾಗ ಕಲಿಯೋದು ಏನದ ಅಂತ ಕೇಳೋರಿಗೆ ಮೊದಲ ಉತ್ತರ ಅಡಗಿಮನ್ಯಾಗನ, ಪಡಸಾಲ್ಯಾಗನ ಸಿಗತದ.

ನಮ್ಮ ಆಯಿ ಕಾಲದಾಗ ಮಣ್ಣಿನ ನೆಲಾ. ಹೆಂಡಿ ಹಾಕಿ ಸಾರಸಬೇಕು. ಹೆಂಡಿಗೆ ನೀರು ಹೆಚ್ಚಾದರ ನೆಲಕ್ಕ ಹಿಡಿಯಂಗಿಲ್ಲ, ಕಡಿಮಿ ಆದರ ಒಣಗಿದ ಮ್ಯಾಲೆ ಹಪ್ಪಳ ಎದ್ದಂಗ ಏಳತದ. ಮೊದಲ ಕಸಾ ಹೊಡದು, ನೀರು ಚಿಮಕಿಸಿ, ಆಮ್ಯಾಲೆ ಒಳಗಿನ ಮೂಲಿಯಿಂದ ಶುರು ಮಾಡಿ ಹಿಂದ ಹಿಂದಕ್ಕ ಸರಕೋತ ಬಾಗಲಿಗೆ ಬಂದು ಮುಗಸಬೇಕು. ಅಂಗೈ ಒಂದ ಸಮ ತಿರಗಬೇಕು, ಒಂದು ಬಳಿಯ ಅಂಚು ಇನ್ನೊಂದರ ಮ್ಯಾಲೆ ಸ್ವಲ್ಪನ ಕೂಡಬೇಕು. ಒಣಗಿದ ಮ್ಯಾಲೆ ನೋಡಿದರ ಕೈ ಎಲ್ಲೆ ಎತ್ತಿದ್ದರು, ಎಲ್ಲೆ ಇಟ್ಟಿದ್ದರು ಗೊತ್ತಾಗಬಾರದು. ಹೊಸದಾಗಿ ಬಂದ ಸೊಸಿ ಇದನ್ನ ಕಲೀಲಿಕ್ಕೆ ಒಂದು ಮಳಿಗಾಲ ಒಂದು ಬ್ಯಾಸಗಿ ಎರಡೂ ನೋಡಬೇಕಾಗತಿತ್ತು, ಯಾಕಂದರ ಎರಡೂ ಕಾಲದಾಗ ಹದಾ ಬ್ಯಾರೆ.

ಭಾಂಡಿ ತಿಕ್ಕೋದು ನೋಡ್ರಿ. ಹಿತ್ತಾಳಿ ಭಾಂಡೆಕ್ಕ ಹುಣಸಿಹಣ್ಣು, ಎಣ್ಣಿ ಜಿಡ್ಡಿನ ಭಾಂಡೆಕ್ಕ ಬೂದಿ. ಯಾರೂ ನಮ್ಮ ಹಿರೇರಿಗೆ ರಸಾಯನಶಾಸ್ತ್ರ ಹೇಳಿಕೊಟ್ಟಿರಲಿಲ್ಲ. ಆದರ ಹುಣಸಿಯ ಹುಳಿ ಹಿತ್ತಾಳಿ ಮ್ಯಾಲಿನ ಕರಿ ಪದರನ್ನ ಕರಗಸತದ, ಬೂದಿಯೊಳಗಿನ ಕ್ಷಾರ ಎಣ್ಣಿ ಜೋಡಿ ಕೂಡಿ ಸಾಬಾಣಧಂಗ ಕೆಲಸಾ ಮಾಡತದ. ಇದನ್ನ ಅದಲು ಬದಲು ಮಾಡಿದರ ಎರಡೂ ಹೋಗಂಗಿಲ್ಲ. ಮಹಾನವಮಿ ಮೊದಲ ಕೌದಿ ಒಗಿಲಿಕ್ಕೆ ಹಳ್ಳಕ್ಕ ಹೋಗತಿದ್ದರಲ್ಲಾ, ನೀರು ಕುಡದ ಕೌದಿ ಎತ್ತೋದು ಒಬ್ಬರ ಕೆಲಸಾ ಅಲ್ಲ. ಇಬ್ಬರು ಎದರಾಬದರಾ ನಿಂತು, ಒಬ್ಬರು ಎಡಕ್ಕ ಒಬ್ಬರು ಬಲಕ್ಕ ಹಿಂಡಬೇಕು. ನಡು ಹಿಡಿಲಾರದಂಗ ಎತ್ತೋದು ಹೆಂಗ ಅನ್ನೋದನ್ನ ಅಲ್ಲೆ ದಂಡಿ ಮ್ಯಾಲೆ ನೋಡಿ ಕಲೀಬೇಕು.

ಈಗ ಹೆಂಡಿ ಹೋತು, ಬೂದಿ ಹೋತು, ಬಾಟಲಿ ಬಂದವು. ಕಲಿಯೋದು ಕಡಿಮಿ ಆಗಲಿಲ್ಲ, ಅಪಾಯ ಹೆಚ್ಚಾತು ಅಷ್ಟ. ನಮ್ಮ ಪಡಸಾಲ್ಯಾಗ ಶಹಾಬಾದಿ ಫರಸಿ ಅದ, ಹುಬ್ಬಳ್ಳಿ-ಧಾರವಾಡದ ಹಳೇ ಮನಿ ಎಲ್ಲಾದರಾಗ ಇದ್ದಂಗ. ಒಂದು ಸರತೆ ನಮ್ಮನಿಯವರು ಪ್ಯಾಟಿಯಿಂದ ಕಲಿ ತಗಿಯೋ ಆ್ಯಸಿಡ್ ಬಾಟಲಿ ತಂದು ಬಚ್ಚಲದ ಕಟ್ಟಿ ಮ್ಯಾಲೆ ಇಟ್ಟರು. ನಮ್ಮಲ್ಲೆ ಕೆಲಸಕ್ಕ ಬರೋ ಮಾವಶಿ ಅದರ ಬೂಚು ತಗದು, ದೂರದಿಂದನ ವಾಸನಿ ನೋಡಿ, ‘ಇದನ್ನ ಫರಸಿ ಮ್ಯಾಲ ಹಾಕಬ್ಯಾಡ್ರಿ ವೈನಿ, ಕಲ್ಲ ತಿಂತೈತಿ’ ಅಂದಳು. ಖರೇನ. ಶಹಾಬಾದಿ ಕಲ್ಲು ಸುಣ್ಣದಕಲ್ಲು. ಆ್ಯಸಿಡ್ ಬಿದ್ದರ ನೊರಿ ಎದ್ದು, ಕಲ್ಲಿನ ಹೊಳಪು ಕಾಯಂ ಹೋಗತದ. ಹಿಂದಿನಾಗಿಂದನ ಆಕಿ ಇನ್ನೊಂದು ಮಾತು ಹೇಳಿದಳು: ‘ಬ್ಲೀಚಿಂಗ್ ಪೌಡರ್ ಹಾಕಿದಲ್ಲಿ ಇದನ್ನ ಒಟ್ಟ ಸುರುವಬಾರದ್ರಿ, ಉಸರು ಕಟ್ಟತೈತಿ.’ ಅದೂ ಖರೆ. ಅವೆರಡು ಕೂಡಿದರ ಕ್ಲೋರಿನ್ ಅನಿಲ ಏಳತದ, ಸಣ್ಣ ಬಚ್ಚಲದಾಗ ಅದು ಜೀವಕ್ಕ ಅಪಾಯ. ಆಕಿಗೆ ಅನಿಲದ ಹೆಸರು ಗೊತ್ತಿಲ್ಲ, ಅದರ ನಡಾವಳಿ ಗೊತ್ತದ. ಬಾಟಲಿ ಮ್ಯಾಲಿನ ಸಣ್ಣ ಅಕ್ಷರ ಇಂಗ್ಲಿಷಿನ್ಯಾಗ ಇರತಾವ. ಹಂಗಾಗಿ ಆಕಿ ಕಲತದ್ದು ಓದಿ ಅಲ್ಲ, ಇನ್ನೊಬ್ಬರ ಕೆಮ್ಮು ನೋಡಿ, ತನ್ನ ಕೈ ಸುಟ್ಟುಕೊಂಡು.

ಇಲ್ಲೆ ಒಂದು ಮಾತು ನ್ಯಾಯವಾಗಿ ಹೇಳಬೇಕು. ಡಾಕ್ಟರ್ ಆಗಲಿಕ್ಕೆ ಎಷ್ಟೋ ವರ್ಷ ಬೇಕು, ಕಸಾ ಹೊಡಿಲಿಕ್ಕೆ ಒಂದ ದಿನದಾಗ ಶುರು ಮಾಡಬಹುದು. ಇದು ಸುಳ್ಳಲ್ಲ. ಆದರ ಒಂದು ಕೆಲಸಾ ಎಷ್ಟು ಲಗೂ ಶುರು ಮಾಡಬಹುದು ಅನ್ನೋದು ಬ್ಯಾರೆ, ಎಷ್ಟು ದಿನಕ್ಕ ಛಲೋ ಮಾಡಲಿಕ್ಕೆ ಬರತದ ಅನ್ನೋದು ಬ್ಯಾರೆ. ಚಪಾತಿ ಲಟ್ಟಸಲಿಕ್ಕೆ ಮೊದಲನೇ ದಿನಾನ ಬರತದ; ಉಬ್ಬೋ ಚಪಾತಿ ಯಾವಾಗ ಬಂತು ಅಂತ ನಿಮಗ ಗೊತ್ತದ. ಎರಡಕ್ಕೂ ನಡುವ ಇರೋದನ್ನ ‘ಏನೂ ಇಲ್ಲ’ ಅನ್ನೋ ಶಬ್ದನ ‘ಅಕುಶಲ’.

ಹಂಗಾರ ಈ ಗೆರಿ ಕೊರದವರು ಯಾರು? ಕಾನೂನಿನ ಭಾಷಾದಾಗ ಇದು ಇಂಗ್ಲಂಡದ ಕಡಿಂದ ಬಂದ ಲೆಕ್ಕ. ಅಲ್ಲೆ 1563ರಾಗ, ರಾಣಿ ಎಲಿಜಬೆತ್ ಕಾಲದಾಗ ಒಂದು ಕಾಯ್ದೆ ಆತು. ಬಡಿಗತನ, ನೇಯಿಗೆ, ಗಾಲಿ ಮಾಡೋದು ಇಂಥಾ ಕಸುಬು ಮಾಡಬೇಕಂದರ ಏಳು ವರ್ಷ ಗುರುವಿನ ಕೈಕೆಳಗ ಕಲತಿರಬೇಕು. ಕಲತ ಮ್ಯಾಲೆ ಕಾಗದ ಸಿಗತದ, ಕಾಗದ ಇದ್ದಾಂವ ಕುಶಲ. ಕಾಗದ ಇಲ್ಲದವರೆಲ್ಲಾ ‘ಸಾಮಾನ್ಯ’ ಕೂಲಿ. ಎರಡು ನೂರು ವರ್ಷದ ಮ್ಯಾಲೆ, 1776ರಾಗ ಆ್ಯಡಮ್ ಸ್ಮಿತ್ ತನ್ನ ಪ್ರಸಿದ್ಧ ಅರ್ಥಶಾಸ್ತ್ರದ ಪುಸ್ತಕದಾಗ ಇದನ್ನ ಚೇಷ್ಟಾ ಮಾಡಿದಾ. ಅಂವ ಅಂದದ್ದರ ಸಾರ ಇಷ್ಟ: ಹೊಲದಾಗ ದುಡಿಯಾಂವನ್ನ ದಡ್ಡ ಅಂತಾರ, ಆದರ ಮಣ್ಣು, ಹವಾ, ದನಾ ಇಷ್ಟೂ ದಿನಾ ಬದಲಾಗೋದನ್ನ ನೋಡಿ ತೀರ್ಮಾನ ಮಾಡೋ ಅಂವನ ಬುದ್ಧಿ, ಊರಾಗ ಒಂದ ಥರದ ಕೆಲಸಾ ದಿನಾ ಮಾಡೋ ಕಸುಬುದಾರನಕಿಂತ ಹೆಚ್ಚಿಂದು. ಮುಂದ 1814ರಾಗ ಏಳು ವರ್ಷದ ನಿಯಮ ತಗದು ಹಾಕಿದರು. ಆದರ ಕಾಗದ ನೋಡಿ ಕೈ ಅಳಿಯೋ ಚಾಳಿ ಉಳೀತು. ಇವತ್ತಿಗೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಉದ್ಯೋಗ ವರ್ಗೀಕರಣದಾಗ ಸ್ವಚ್ಛತಾ ಕೆಲಸದವರು 9ನೇ ಗುಂಪಿನ್ಯಾಗ, ಎಲ್ಲಾದಕಿಂತ ಕೆಳಗಿನ ಕೌಶಲ್ಯ ಮಟ್ಟದಾಗ ಇದ್ದಾರ. ಆ ಮಟ್ಟ ಅಳಿಯೋದರಾಗ ಸಾಲಿ ಕಲತದ್ದು ಎಷ್ಟು ಅನ್ನೋದು ಒಂದು ದೊಡ್ಡ ಅಳತಿ.

ನಮ್ಮ ನೆಲದಾಗ ಇದಕ್ಕ ಪೂರಾ ಉಲ್ಟಾ ಒಂದು ವಿಚಾರ ಅದಕ್ಕೂ ಮೊದಲ, 12ನೇ ಶತಮಾನದಾಗನ ಬಂದಿತ್ತು. ಶರಣರು ಕೆಲಸಕ್ಕ ‘ಕಾಯಕ’ ಅಂದರು. ಶಿಕಾರಿಪುರದ ಹತ್ತರ ಹಿರೇಜಂಬೂರಿನ ಸತ್ಯಕ್ಕನ ಕಾಯಕ ಶಿವಭಕ್ತರ ಮನಿ ಅಂಗಳಾ ಕಸಾ ಗುಡಿಸೋದು. ಆಕಿ ವಚನಕಾರ್ತಿ. ಅರಬಿ ಒಗಿಯೋ ಮಾಚಯ್ಯ, ಕಸಾ ಗುಡಿಸೋ ಸತ್ಯಕ್ಕ, ಮಂತ್ರಿ ಆಗಿದ್ದ ಬಸವಣ್ಣ ಒಂದ ಸಾಲಿನ್ಯಾಗ ನಿಂತರು. ಯಾವ ಕಾಯಕಾನೂ ಮ್ಯಾಲೆ ಕೆಳಗ ಇಲ್ಲಾ ಅಂತ ಅವರು ಬಾಯಲೆ ಹೇಳಿ ಬಿಡಲಿಲ್ಲ, ಹಂಗ ಬದುಕಲಿಕ್ಕೆ ನೋಡಿದರು. ಆದರ ಊರು ಆ ಹಾದಿ ಹಿಡೀಲಿಲ್ಲ. ಹೊಲಸು ತಗಿಯೋ ಕೆಲಸಾ ಯಾರ ಮನ್ಯಾಗ ಹುಟ್ಟಿದೀ ಅನ್ನೋದರ ಮ್ಯಾಲೆನ ನಿಂತು ಹೋತು. ಇಂಗ್ಲಂಡದಾಗ ಕಾಗದ ಇಲ್ಲದಾಂವ ಅಕುಶಲ ಆದರ, ನಮ್ಮಲ್ಲೆ ಜಾತಿನ ಕಾಗದ ಆತು. ಬ್ರಿಟಿಷರ ಮುನ್ಸಿಪಾಲ್ಟಿಗಳು ಬಂದಾಗ ಈ ಎರಡೂ ಲೆಕ್ಕ ಕೂಡಿದವು.

ಕೂಡಿದ್ದು ಹೆಂಗ ಅಂತ ಮುಂಬಯಿದಾಗ ನೋಡಬಹುದು. ನಮ್ಮ ಧಾರವಾಡ ಜಿಲ್ಲಾ ಆವಾಗ ಮುಂಬಯಿ ಪ್ರಾಂತದಾಗನ ಇತ್ತು. ಮುಂಬಯಿ ಶಹರದಾಗ ಮಲಾ ಹೊರೋರಿಗೆ ಹಲಾಲಖೋರರು ಅಂತಿದ್ದರು. ಅವರು 1889ರಾಗ ಕೆಲಸಾ ನಿಲ್ಲಿಸಿದರು. ಬೆನ್ನಿಗೆನ, 1890ರಾಗ ಒಂದು ಕಾಯ್ದೆ ಬಂತು: ಇಂಥಾ ಮುನ್ಸಿಪಾಲ್ಟಿ ನೌಕರರು ಮುಂಚಿತ ನೋಟೀಸು ಕೊಡಲಾರದ ಕೆಲಸಾ ಬಿಟ್ಟರ ಅದು ಅಪರಾಧ, ಶಿಕ್ಷಾ ಆಗತದ. ಒಂದು ಕ್ಷಣ ವಿಚಾರ ಮಾಡ್ರಿ. ಯಾರು ಬೇಕಾದರೂ ಮಾಡಬಹುದಾದ ಕೆಲಸಾ ಆಗಿದ್ದರ, ಅವರು ಬಿಟ್ಟು ಹೋದ ದಿನಾ ಇನ್ನೊಬ್ಬರನ್ನ ಕರೀಬಹುದಿತ್ತಲ್ಲಾ? ಅವರಿಲ್ಲದ ಊರು ನಡಿಯಂಗಿಲ್ಲ, ಬ್ಯಾರೆಯವರು ಆ ಕೆಲಸಾ ಮುಟ್ಟಂಗಿಲ್ಲ, ಮುಟ್ಟಿದರೂ ಬರಂಗಿಲ್ಲ ಅಂತ ಸರಕಾರಕ್ಕ ಗೊತ್ತಿತ್ತು. ಇನ್ನೊಬ್ಬರು ತುಂಬಲಾರದ ಜಾಗಾದಾಗ ಇದ್ದ ಕುಶಲಕರ್ಮಿ ಆಗಿದ್ದರ ಕೂಲಿ ಏರತಿತ್ತು. ಇವರಿಗೆ ಸಿಕ್ಕದ್ದು ಜೈಲಿನ ಭಯ.

ಆರ ವರ್ಷಕ್ಕ, 1896ರಾಗ ಮುಂಬಯಿಗೆ ಪ್ಲೇಗ ಬಂತು. ಮಂದಿ ಲಕ್ಷಗಟ್ಟಲೆ ಊರು ಬಿಟ್ಟರು. ಅಧಿಕಾರಿಗಳಿಗೆ ಎಲ್ಲಾದಕಿಂತ ದೊಡ್ಡ ಭಯ ಏನಿತ್ತಂದರ, ಝಾಡೂ ಹೊಡಿಯೋರು, ಹಲಾಲಖೋರರು ಓಡಿ ಹೋದರ ಶಹರಾನ ಮುಗೀತದ ಅನ್ನೋದು. 1898ಕ್ಕ ಆ ಪ್ಲೇಗ ನಮ್ಮ ಹುಬ್ಬಳ್ಳಿಗೂ ಬಂತು. ಹಾಫ್‌ಕಿನ್ ಕಂಡುಹಿಡದ ಲಸಿಕಾ ಹುಬ್ಬಳ್ಳಿ ಮಂದಿಗೆ ದೊಡ್ಡ ಪ್ರಮಾಣದಾಗ ಹಾಕಿದರು. ಅದ ವರ್ಷ ಅಗಸ್ಟ್ ತಿಂಗಳದಾಗ ಹುಬ್ಬಳ್ಳಿ ಕಡಿಂದ ರೈಲಿನ ಹಾದಿ ಹಿಡದು ರೋಗ ಬೆಂಗಳೂರು ಮುಟ್ಟಿತು. ಮಲ್ಲೇಶ್ವರ, ಬಸವನಗುಡಿ ಅಂಥಾ ಹೊಸಾ ಬಡಾವಣಿಗೆ ಅಗಲ ಓಣಿ, ಗಾಳಿ ಬೆಳಕು ಬಂದದ್ದರ ಹಿಂದ ಆ ಪ್ಲೇಗಿನ ಪಾಠ ಅದ. ಪ್ಲೇಗಿನ ಇತಿಹಾಸದಾಗ ಲಸಿಕಾ ಕಂಡುಹಿಡದವರ ಹೆಸರು ಅದ, ಬಡಾವಣಿಗಳ ಹೆಸರು ಅದ. ರೋಗದ ಮನಿ ತೊಳದವರು, ಸತ್ತ ಇಲಿ ಎತ್ತಿದವರು, ಗಟಾರ ಬಳದವರು ಲೆಕ್ಕದ ಪುಸ್ತಕದಾಗ ದಿನಗೂಲಿ ಅಷ್ಟ.

ಹಂಗಂತ ಸ್ವಚ್ಛ ಮಾಡೋ ಕೆಲಸಕ್ಕ ಜಗತ್ತಿನ್ಯಾಗ ಎಲ್ಲೂ ಮಾನ ಸಿಕ್ಕಿಲ್ಲ ಅಂತಲ್ಲ. ಸಿಕ್ಕದ. ಅದೂ ಒಂದು ಕಲಿಯೋ ಕಥಿ. 1854ರಾಗ ಕ್ರಿಮಿಯಾ ಯುದ್ಧದ ಕಾಲಕ್ಕ ಫ್ಲಾರೆನ್ಸ್ ನೈಟಿಂಗೇಲ್ ಸ್ಕುಟಾರಿ ದವಾಖಾನಿಗೆ ಹೋದಾಗ, ನರ್ಸ್ ಕೆಲಸಾ ಅಂದರ ಬ್ಯಾರೆ ಏನೂ ಬರಲಾರದ ಹೆಂಗಸರು ಮಾಡೋದು ಅಂತ ಮಂದಿ ತಿಳಕೊಂಡಿದ್ದರು. 1855ರ ಫೆಬ್ರುವರಿ ಹೊತ್ತಿಗೆ ಅಲ್ಲಿಗೆ ಬಂದ ರೋಗಿಗಳ ಪೈಕಿ ನೂರಕ್ಕ ಸುಮಾರು 40 ಮಂದಿ ಸಾಯತಿದ್ದರು. ಮಾರ್ಚಿನ್ಯಾಗ ಸರಕಾರದ ನೈರ್ಮಲ್ಯ ಆಯೋಗ ಬಂದು, ಕಟ್ಟಡದ ಬುಡದಾಗ ತುಂಬಿದ್ದ ಗಟಾರ ತೊಳಸಿ, ನೀರು ಶುದ್ಧ ಮಾಡಿಸಿ, ಗಾಳಿ ಆಡೋ ಹಂಗ ಮಾಡಿದ ಮ್ಯಾಲೆ ಜೂನಿಗೆ ಅದು ನೂರಕ್ಕ ಸುಮಾರು 2ಕ್ಕ ಇಳೀತು. ಮುಂದ ಆಕಿ ಬರದ ಶುಶ್ರೂಷಾ ಪುಸ್ತಕದಾಗ ನೆಲಾ, ಗ್ವಾಡಿ, ಹಾಸಗಿ, ಧೂಳಾ ಇವುಗಳ ಬಗ್ಗೆ ಭಾಳ ಅದ. ಒಣ ಅರಬೀಲೆ ಧೂಳಾ ಹೊಡದರ ಧೂಳಾ ಹೋಗಂಗಿಲ್ಲ, ಜಾಗಾ ಬದಲಿ ಮಾಡತದ ಅಷ್ಟ, ಹಸಿ ಅರಬೀಲೆ ಒರಸಬೇಕು ಅನ್ನೋ ಮಾತನ್ನ ಆಕಿ ಒಂದು ತತ್ವಧಂಗ ಹೇಳತಾಳ. ನಮ್ಮವ್ವ ಇದನ್ನ ದಿನಾ ಹೇಳತಿದ್ದಳು, ಆದರ ಆಕಿ ಪುಸ್ತಕ ಬರೀಲಿಲ್ಲ.

1860ರಾಗ ಲಂಡನ್ನಿನ ಸೇಂಟ್ ಥಾಮಸ್ ದವಾಖಾನ್ಯಾಗ ನೈಟಿಂಗೇಲ್ ಹೆಸರಿನ ನರ್ಸಿಂಗ್ ಸಾಲಿ ಶುರು ಆತು. ತರಬೇತಿ ಬಂತು, ಪ್ರಮಾಣಪತ್ರ ಬಂತು, ಸಮವಸ್ತ್ರ ಬಂತು. ಮಂದಿ ಅಕುಶಲ ಅಂದುಕೊಂಡಿದ್ದ ಕೆಲಸಾ ಒಂದ ತಲಿಮಾರಿನ್ಯಾಗ ವೃತ್ತಿ ಆತು. ಅದು ಆಗಬೇಕಾದದ್ದ, ನಾ ಖುಷಿಯಿಂದನ ಹೇಳತೀನಿ. ಆದರ ಅದ ದವಾಖಾನಿಯ ನೆಲಾ ಒರಸೋ ಕೈ ಮಾತ್ರ ಬಾಗಲದ ಹೊರಗನ ಉಳೀತು. ಆಪರೇಶನ್ ಥಿಯೇಟರಿನ ನೆಲಾ ಸರಿಯಾಗಿ ಸ್ವಚ್ಛ ಆಗದಿದ್ದರ ಸರ್ಜನ್ನನ ಹತ್ತು ವರ್ಷದ ವಿದ್ಯಾ ನಂಜಿಗೆ ಸೋಲತದ. ಎರಡೂ ಕೆಲಸಾ ಒಂದ ಜೀವಾ ಉಳಸತಾವ. ಒಂದಕ್ಕ ಹೆಸರು ಅತಿಕುಶಲ, ಇನ್ನೊಂದಕ್ಕ ಅಕುಶಲ.

ಕೈ ಬದಲಾದರ ಹೆಸರೂ ಬದಲಾಗತದ ಅನ್ನೋದಕ್ಕ ನಮ್ಮ ಬೆಳಗಾವಿದ ಇನ್ನೊಂದು ಸಾಕ್ಷಿ. 1901ರ ಕಲಕತ್ತಾ ಕಾಂಗ್ರೆಸ್ಸಿಗೆ ಹೋದ ಗಾಂಧಿ ಅಲ್ಲಿಯ ಪಾಯಖಾನಿ ಗಲೀಜು ನೋಡಿ ಸ್ವಯಂಸೇವಕರಿಗೆ ಹೇಳಿದರ, ಅದು ನಮ್ಮ ಕೆಲಸಲ್ಲ, ಅದನ್ನ ಮಾಡೋರು ಬ್ಯಾರೆ ಅಂದರಂತ. ಗಾಂಧಿ ತಾವ ಕಸಬರಿಗಿ ತಗೊಂಡು ತೊಳದರು. 1924ರ ಡಿಸೆಂಬರಿನ್ಯಾಗ ಬೆಳಗಾವಿ ಅಧಿವೇಶನ ಆದಾಗ ಅವರ ಅಧ್ಯಕ್ಷರು. ನಮ್ಮ ಹುಬ್ಬಳ್ಳಿ ಡಾ. ನಾ.ಸು. ಹರ್ಡೀಕರ ಕಟ್ಟಿದ ಹಿಂದುಸ್ತಾನಿ ಸೇವಾದಳದ ಹುಡುಗರು ಅಲ್ಲೆ ದುಡದರು, ಸ್ವಚ್ಛತಾದ ಹೊಣಿ ಕಾಕಾ ಕಾಲೇಲಕರ ಅವರದು. ಮ್ಯಾಲಿನ ಜಾತಿಯ ಸ್ವಯಂಸೇವಕರು ಪಾಯಖಾನಿ ಸ್ವಚ್ಛ ಮಾಡಿದರು. ಆ ಕಾಲಕ್ಕ ಅದು ದೊಡ್ಡ ಧೈರ್ಯ, ಅಲ್ಲಗಳಿಯಂಗಿಲ್ಲ. ಆದರ ನೋಡ್ರಿ, ಅವರು ಮಾಡಿದಾಗ ಆ ಕೆಲಸಾ ‘ಸೇವಾ’ ಆತು, ಪತ್ರಿಕಾದಾಗ ಬಂತು. ಅಧಿವೇಶನ ಮುಗದ ಮರುದಿನಾ ಅದ ಬೆಳಗಾವಿ ಪಾಯಖಾನಿ ಯಾರು ತೊಳದರು? ಮೊದಲ ತೊಳಿತಿದ್ದವರ.

ಇದನ್ನ ಡಾ. ಅಂಬೇಡ್ಕರ್ ನೆಟ್ಟಗ ಹಿಡದು ಕೇಳಿದರು. ಮಲಾ ಎತ್ತೋ ಕೆಲಸಾ ಪವಿತ್ರ ಅಂತ ಹೊಗಳಿ, ಆ ಮಂದಿನ್ನ ಅದರಾಗನ ಇಟ್ಟರ ಹೊಗಳಿಕಿ ಒಂದು ಬೇಡಿ ಆಗತದ ಅನ್ನೋದು ಅವರ ಆಕ್ಷೇಪ. ಕುಶಲ ಅನ್ನರಿ ಅಂತ ನಾ ಹೇಳೋ ಮುಂದೂ ಈ ಮಾತು ನೆನಪಿಡಬೇಕು. ಅಂಗಳಾ ಗುಡಿಸೋದು ಒಂದು, ಮನಷಾನ ಮಲಾ ಮನಷಾ ಕೈಲೆ ಎತ್ತೋದು ಇನ್ನೊಂದು. ಮೊದಲನೇದಕ್ಕ ಮಾನ, ಕೂಲಿ ಬೇಕು. ಎರಡನೇದು ನಿಲ್ಲಬೇಕು.

ನಿಲ್ಲಸೋದರಾಗ ಕರ್ನಾಟಕದ ಪಾಲು ದೊಡ್ಡದು. 1970ರ ದಶಕದ ಮೊದಲಿಗೆ, ದೇವರಾಜ ಅರಸರ ಸರಕಾರದಾಗ ಪೌರಾಡಳಿತ ನೋಡಿಕೋತಿದ್ದ ಬಿ. ಬಸವಲಿಂಗಪ್ಪನವರು ತಲಿ ಮ್ಯಾಲೆ ಮಲಾ ಹೊರೋದನ್ನ ನಿಷೇಧ ಮಾಡಿದರು. ದೇಶದ ಕಾಯ್ದೆ ಬಂದದ್ದು 1993ರಾಗ. ಅಂದರ ನಾವು ಎಷ್ಟು ಮುಂದ ಇದ್ದಿವಿ ನೋಡ್ರಿ. ಅದ ಕಾಲದಾಗ ಐ.ಪಿ.ಡಿ. ಸಾಲಪ್ಪನವರ ಸಮಿತಿ ಝಾಡಮಾಲಿಗಳ ಜೀವನ, ದುಡಿಮಿ ಎಲ್ಲಾ ನೋಡಿ 1976ರಾಗ ವರದಿ ಕೊಟ್ಟಿತು. ‘ಪೌರಕಾರ್ಮಿಕ’ ಅನ್ನೋ ಶಬ್ದ ನಮ್ಮ ಬಾಯಾಗ ಬಂದದ್ದು ಆ ಕಾಲದ ಈ ಬದಲಾವಣಿಯಿಂದ. ಈಗ ಸರಕಾರದ ಲೆಕ್ಕ ಊರಾಗಿನ 700 ಮಂದಿಗೆ ಒಬ್ಬ ಪೌರಕಾರ್ಮಿಕರು ಅಂತ. 700 ಮಂದಿ ಚೆಲ್ಲಿದ್ದನ್ನ ಒಬ್ಬರು ಎತ್ತಬೇಕು. ನಮ್ಮ ಮನ್ಯಾಗ ನಾಲ್ಕು ಮಂದಿ ಚೆಲ್ಲಿದ್ದು ಎತ್ತಲಿಕ್ಕೆ ನನಗ ನಡು ನೋಯತದ.

ಹೆಸರು ಬದಲಾತು, ಆದರ ಕೋಲಾರ ಚಿನ್ನದ ಗಣಿಯಂಥಾ ಸರಕಾರಿ ಉದ್ಯಮದ ವಸತಿಗಳೊಳಗ ಆಮ್ಯಾಲೂ ಎಷ್ಟೋ ವರ್ಷ ಒಣ ಪಾಯಖಾನಿ ನಡದವು. ಅಲ್ಲೆ ಹುಟ್ಟಿದ ಬೆಜವಾಡ ವಿಲ್ಸನ್ ತಮ್ಮ ಮನಿ ಮಂದಿ ಆ ಕೆಲಸಾ ಮಾಡೋದು ನೋಡಿ, ಮ್ಯಾಲಿನವರಿಗೆ ಪತ್ರ ಬರದು, ಜಗಳಾ ತಗದು, ಸಫಾಯಿ ಕರ್ಮಚಾರಿ ಆಂದೋಲನ ಕಟ್ಟಿದರು. 2016ರಾಗ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅವರ ಆಂದೋಲನದ ಮೊಕದ್ದಮಿಯೊಳಗ 2014ರ ಮಾರ್ಚಿನ್ಯಾಗ ಸುಪ್ರೀಂ ಕೋರ್ಟು, 1993ರಿಂದ ಈಚೆಗೆ ಒಳಚರಂಡಿಯೊಳಗ ಸತ್ತ ಎಲ್ಲಾರ ಕುಟುಂಬಕ್ಕೂ 10 ಲಕ್ಷ ರೂಪಾಯಿ ಕೊಡಬೇಕಂತ ಆದೇಶ ಮಾಡಿತು. 2023ರಾಗ ಇನ್ನೊಂದು ತೀರ್ಪಿನ್ಯಾಗ ಅದನ್ನ 30 ಲಕ್ಷ ಮಾಡಿತು. 2010ರ ಜುಲೈದಾಗ ನಮ್ಮ ಹಾವೇರಿ ಜಿಲ್ಲಾದ ಸವಣೂರಿನ್ಯಾಗ ಭಂಗಿ ಮನಿತನದವರು, ತಾವಿದ್ದ ಜಾಗಾದಿಂದ ಎಬ್ಬಸತಾರ ಅಂತ ಪುರಸಭಾದ ಮುಂದ ಮೈಮ್ಯಾಲೆ ಮಲಾ ಸುರಿವಿಕೊಂಡು ಪ್ರತಿಭಟನಾ ಮಾಡಿದ್ದು ನಿಮಗ ನೆನಪಿರಬೇಕು. ದಿನಾ ಎತ್ತಿದ್ದು ಯಾರಿಗೂ ಕಾಣಲಿಲ್ಲ, ಆವತ್ತು ಮಾತ್ರ ಇಡೀ ರಾಜ್ಯಕ್ಕ ಕಂಡಿತು.

ಈಗ ನಾ ಮೊದಲ ಹೇಳಿದ ಜೀವದ ಮಾತಿಗೆ ಬರತೀನಿ. ಒಳಚರಂಡಿಯೊಳಗ ಹೈಡ್ರೋಜನ್ ಸಲ್ಫೈಡ್ ಅನ್ನೋ ಅನಿಲ ತುಂಬಿರತದ. ಸ್ವಲ್ಪ ಇದ್ದಾಗ ಕೊಳತ ತತ್ತಿ ವಾಸನಿ ಬರತದ. ಹೆಚ್ಚಾದಾಗ ಮೂಗಿನ ವಾಸನಿ ಹಿಡಿಯೋ ಶಕ್ತಿನ ಹೋಗಿ ಬಿಡತದ. ಅಂದರ ವಾಸನಿ ನಿಂತಿತು, ಇನ್ನ ಪಾಡಾತು ಅಂತ ತಿಳಿಯೋ ಹೊತ್ತಿಗೆನ ಸಾವು ಹತ್ತರ ಬಂದಿರತದ. ಒಬ್ಬಾಂವ ಒಳಗ ಬಿದ್ದಾಗ ಇನ್ನೊಬ್ಬಾಂವ ಎತ್ತಲಿಕ್ಕೆ ಇಳದು, ಅಂವನೂ ಬೀಳತಾನ. ಪತ್ರಿಕಾದಾಗ ಇಬ್ಬರು, ಮೂವರು ಕೂಡೇನ ಸತ್ತ ಸುದ್ದಿ ಬರೋದು ಇದಕ್ಕ. ಅನಿಲ ಅಳಿಯೋದು, ಮುಚ್ಚಳ ತಗದು ಗಾಳಿ ಬಿಡೋದು, ಹಗ್ಗ ಕಟ್ಟಿಕೊಳ್ಳೋದು, ಮ್ಯಾಲೆ ನಿಂತಾಂವ ಏನು ಮಾಡಬೇಕು ಏನು ಮಾಡಬಾರದು, ಇದೆಲ್ಲಾ ಕಲಿಯೋ ವಿದ್ಯಾ. 2013ರ ಕಾಯ್ದೆ, ಅದರ ನಿಯಮಗಳು ರಕ್ಷಣಾ ಸಾಮಾನು ಕೊಡಲಾರದ ಯಾರನ್ನೂ ಇಳಸಬಾರದು ಅಂತಾವ.

ಆದರ ಗುತ್ತಿಗಿದಾರನ ತಲ್ಯಾಗ ಇದು ಅಕುಶಲ ಕೆಲಸಾ. ಅಕುಶಲ ಕೆಲಸಕ್ಕ ತರಬೇತಿ ಯಾಕ ಬೇಕು? ಮುಂಜಾನೆ ನಾಕಾದಾಗ ನಿಂತ ಯಾವ ಹುಡುಗನ್ನ ಕರದರೂ ನಡೀತದ. ಇಲ್ಲೆ ಆ ಶಬ್ದದ ಖರೆ ಕೆಲಸಾ ಗೊತ್ತಾಗತದ. ‘ಅಕುಶಲ’ ಅಂದದ್ದರಿಂದ ಕೂಲಿ ಕಡಿಮಿ ಆಗೋದು ಒಂದು. ಅದಕಿಂತ ದೊಡ್ಡದು, ಕಲಿಸಬೇಕಾದವರು ಕಲಿಸೋ ಹೊಣಿಯಿಂದ ಪಾರಾಗತಾರ. ಕಲಿಯೋದು ಏನೂ ಇಲ್ಲಾ ಅಂತ ಬರದ ಮ್ಯಾಲೆ, ಕಲಿಸಲಿಲ್ಲ ಅಂತ ಯಾರನ್ನ ಕೇಳೋದು?

ಮನಿಗೆಲಸದ ವಿಷಯದಾಗೂ ನಮ್ಮ ರಾಜ್ಯ ಹಿಂದ ಬಿದ್ದಿಲ್ಲ. 2004ರಾಗ ಮನಿಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತು ಮಾಡಿದ ಮೊದಲ ರಾಜ್ಯಗಳೊಳಗ ಕರ್ನಾಟಕ ಒಂದು. 2011ರಾಗ ಜಿನೀವಾದಾಗ ಮನಿಗೆಲಸದವರ ಹಕ್ಕಿನ ಒಪ್ಪಂದ ಆತು, ಭಾರತ ಅದರ ಪರ ಮತಾನೂ ಹಾಕಿತು, ಇನ್ನೂ ಅನುಮೋದನಾ ಮಾತ್ರ ಮಾಡಿಲ್ಲ. ಮತ್ತ 2020ರಾಗ ಕೋವಿಡ್ ಬಂದಾಗ ನಾವೆಲ್ಲಾ ಬಾಗಲಾ ಹಾಕಿಕೊಂಡು ಕೂತಿವಿ. ಪೌರಕಾರ್ಮಿಕರು ದಿನಾ ಬಂದರು. ಎಷ್ಟೋ ಊರಾಗ ಅವರ ಮ್ಯಾಲೆ ಹೂವು ಸುರದರು, ಮಾಲಿ ಹಾಕಿದರು. ಎರಡು ವರ್ಷದ ಮ್ಯಾಲೆ, 2022ರ ಜುಲೈದಾಗ ಅದ ಪೌರಕಾರ್ಮಿಕರು ನೌಕರಿ ಕಾಯಂ ಮಾಡರಿ ಅಂತ ಮುಷ್ಕರಕ್ಕ ಕೂಡಬೇಕಾತು. ಅದರ ಮ್ಯಾಲೆ 11,133 ಮಂದಿನ್ನ ಕಾಯಂ ಮಾಡೋ ತೀರ್ಮಾನ ಬಂತು. ಹೂವಿನಿಂದ ಆಗಲಾರದ್ದು ಕಸಬರಿಗಿ ಕೆಳಗ ಇಟ್ಟಾಗ ಆತು. 1890ರ ಮುಂಬಯಿದಾಗ ಅದಕ್ಕ ಜೈಲು ಇತ್ತು, 2022ಕ್ಕ ಮಾತುಕತಿ ಇತ್ತು. ಅಷ್ಟರ ಮಟ್ಟಿಗೆ ನಾವು ಮುಂದ ಬಂದೀವಿ ಅನ್ನಬೇಕು.

ಹಂಗಾರ ನನ್ನ ಲೆಕ್ಕ ಏನಂದರ, ‘ಅಕುಶಲ’ ಅನ್ನೋದು ಆ ಕೆಲಸವನ್ನ ಅಳದು ಬರದ ಶಬ್ದ ಅಲ್ಲ. ಅದನ್ನ ಯಾರು ಮಾಡತಾರ ಅಂತ ನೋಡಿ ಬರದದ್ದು. ನರ್ಸು ಮಾಡಿದಾಗ ಅದು ವೃತ್ತಿ, ಸ್ವಯಂಸೇವಕ ಮಾಡಿದಾಗ ಸೇವಾ, ಅವ್ವ ಮಾಡಿದಾಗ ಪ್ರೀತಿ, ಪಗಾರಕ್ಕ ಮಾಡಿದಾಗ ಅಕುಶಲ. ಕೆಲಸಾ ಒಂದ, ಧೂಳಾ ಒಂದ, ನೀರು ಒಂದ.

ಸರಕಾರದ ಪಟ್ಟಿ ತಿದ್ದೋದು ನನ್ನ ಕೈಯಾಗಿಲ್ಲ, ನಿಮ್ಮ ಕೈಯಾಗೂ ಇಲ್ಲ. ಮನಿ ಪಟ್ಟಿ ಅದ. ಕುಶಲ ಕೆಲಸದವರಿಗೆ ನಾವು ಏನೇನು ಕೊಡತೀವಿ ಅಂತ ವಿಚಾರ ಮಾಡ್ರಿ. ನಳಾ ರಿಪೇರಿ ಮಾಡಾಂವ ಬಂದರ, ‘ಇದು ಹೆಂಗಾರ ಮಾಡಬೇಕು’ ಅಂತ ಅಂವನ್ನ ಕೇಳತೀವಿ, ಅಂವ ಅಂದ ರೊಕ್ಕ ಕೊಡತೀವಿ, ನಾಳೆ ಬರತೀನಿ ಅಂದರ ನಾಳೆ ತನಕ ಕಾಯತೀವಿ. ಈ ಮೂರೂ ಭಾಂಡಿ ತಿಕ್ಕಾಕಿಗೂ ಸಲ್ಲಬೇಕು. ಹೊಸಾ ಬಾಟಲಿ ತರೋ ಮೊದಲ ಆಕಿನ್ನ ಕೇಳ್ರಿ, ತಂದ ಮ್ಯಾಲೆ ಅದರ ಮ್ಯಾಲೆ ಬರದದ್ದನ್ನ ಕನ್ನಡದಾಗ ಓದಿ ಹೇಳ್ರಿ. ಕೈಗವಸು ಕೊಡ್ರಿ. ವಾರಕ್ಕ ಒಂದು ರಜಾ ಪಗಾರ ಕಡೀಲಾರದ ಕೊಡ್ರಿ. ವರ್ಷಾ ಕಳದಂಗ ಕೈ ಪಳಗತದ, ಪಳಗಿದ ಕೈಗೆ ಪಗಾರ ಏರಬೇಕು. ನಮ್ಮನಿಯವರ ಆಫೀಸಿನ್ಯಾಗ ಏರೋದು ಅದ ಕಾರಣಕ್ಕ. ಮತ್ತ ಆಕಿ ಮಗಳು ಈ ಕೆಲಸಾ ಒಲ್ಲೆ, ಕಾಲೇಜಿಗೆ ಹೋಗತೀನಿ ಅಂದರ, ‘ನಮ್ಮ ಮನಿಗೆ ಮುಂದ ಯಾರು ಬರತಾರ’ ಅಂತ ಮಾರಿ ಸಣ್ಣ ಮಾಡಬ್ಯಾಡ್ರಿ. ಕುಶಲ ಕೆಲಸಾ ಅಂದರ ಅದನ್ನ ಒಲ್ಲೆ ಅನ್ನೋ ಹಕ್ಕೂ ಅದರ ಜೋಡಿನ ಬರತದ.